ಪ್ರಬಂಧದ ಚಿತ್ರ, ಅದರ ಹಿಂದಿನ ದತ್ತಾಂಶ: ಬಳಸುವಾಗಲೂ ಹಂಚುವಾಗಲೂ ಪಾಲಿಸಬೇಕಾದ ಕ್ರಮವೇನು?

ಪ್ರಶ್ನೆ: ಸಂಶೋಧನಾರ್ಥಿ

ಎಲ್ಲರಿಗೂ ನಮಸ್ಕಾರ. ಕಬ್ಬಿಣಾಂಶದ ಪೂರಕಗಳು ವಯಸ್ಕರ ಹಿಮೋಗ್ಲೋಬಿನ್ ಮಟ್ಟದ ಮೇಲೆ ಬೀರುವ ಪರಿಣಾಮವನ್ನು ಕುರಿತು ಈವರೆಗೆ ಪ್ರಕಟವಾಗಿರುವ ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ವಿಮರ್ಶಾ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಇದೇ ವಿಷಯದ ಮೇಲೆ ನಮ್ಮ ತಂಡ ನಡೆಸಿದ ಒಂದು ಸಣ್ಣ ಅಧ್ಯಯನದ ಪ್ರಬಂಧವೂ ಪ್ರಕಟಣೆಯ ಹಂತದಲ್ಲಿದೆ. ಈ ಎರಡು ಕೆಲಸಗಳಲ್ಲಿ ಎದುರಾಗಿರುವ ಮೂರು ಸಂದೇಹಗಳಿಗೆ ಬಲ್ಲವರಿಂದ ಉತ್ತರವನ್ನು ಬಯಸುತ್ತೇನೆ.

ಮೊದಲನೆಯದು ಚಿತ್ರಗಳ ವಿಚಾರ. ಬೇರೆಯವರ ಪ್ರಬಂಧಗಳಲ್ಲಿರುವ ಎರಡು ಗ್ರಾಫ್‌ಗಳನ್ನು ನನ್ನ ಲೇಖನದಲ್ಲಿ ಇದ್ದಂತೆಯೇ ತೋರಿಸಬೇಕೆಂದಿದ್ದೇನೆ. ಅವುಗಳಲ್ಲಿ ಒಂದು ಪ್ರಬಂಧ ಮುಕ್ತವಾಗಿ ಓದಲು ಸಿಗುತ್ತದೆ, ಆದರೆ ಅದರ ಮೊದಲ ಪುಟದ ಕೆಳಗೆ ಸಿಸಿ ಬಿವೈ-ಎನ್‌ಸಿ ಪರವಾನಗಿ (ಷರತ್ತುಗಳೊಂದಿಗೆ ಇತರರ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲೊಂದು) ಎಂದು ಬರೆದಿದೆ. ಇನ್ನೊಂದು ಚಂದಾ ಕಟ್ಟಿ ಓದಬೇಕಾದ ನಿಯತಕಾಲಿಕದ್ದು. ಆಕರವನ್ನು ನಮೂದಿಸಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನೀವೇ ಮತ್ತೊಮ್ಮೆ ಬರೆದುಕೊಂಡರೆ ಯಾರ ಅನುಮತಿಯೂ ಬೇಡ ಎಂದು ಇನ್ನು ಕೆಲವರು ಹೇಳುತ್ತಾರೆ. ಇವುಗಳಲ್ಲಿ ಯಾವುದು ಸರಿ?

ಎರಡನೆಯದಾಗಿ, ಹಲವು ಪ್ರಬಂಧಗಳಲ್ಲಿ ನನಗೆ ಬೇಕಾದ ಸರಾಸರಿಗಳು ಪಠ್ಯದಲ್ಲಾಗಲಿ ಕೋಷ್ಟಕದಲ್ಲಾಗಲಿ ಇಲ್ಲದೆ ಬರಿಯ ಕಂಬದ ಗ್ರಾಫ್‌ನಲ್ಲಿ ಮಾತ್ರ ಇವೆ. ದತ್ತಾಂಶವು ಸೂಕ್ತ ಕೋರಿಕೆಯ ಮೇರೆಗೆ ಲಭ್ಯವಿದೆ ಎಂದು ಬರೆದಿರುವ ಲೇಖಕರಿಗೆ ಇಮೇಲ್ ಕಳುಹಿಸಿ, ಆಮೇಲೆ ನೆನಪಿಸಿಯೂ ಆಯಿತು, ಉತ್ತರ ಬಂದಿಲ್ಲ. ಹೀಗಿರುವಾಗ ಚಿತ್ರದಿಂದಲೇ ಸಂಖ್ಯೆಗಳನ್ನು ಅಳೆದು ತೆಗೆದುಕೊಳ್ಳುವುದು ಒಪ್ಪಿತ ಕ್ರಮವೇ?

ಮೂರನೆಯದು ನಮ್ಮದೇ ಪ್ರಬಂಧಕ್ಕೆ ಸಂಬಂಧಿಸಿದ್ದು. ಪ್ರತಿಯೊಂದು ಚಿತ್ರದ ಹಿಂದಿನ ದತ್ತಾಂಶವನ್ನು ಸಾರ್ವಜನಿಕವಾಗಿ ಒದಗಿಸಬೇಕೆಂದು ನಿಯತಕಾಲಿಕದವರು ಕೇಳುತ್ತಿದ್ದಾರೆ. ನಮ್ಮ ಮಾರ್ಗದರ್ಶಕರಿಗೆ ಎರಡು ಅಳುಕುಗಳಿವೆ: ನಾವು ಇನ್ನೂ ಬರೆಯಬೇಕಾದ ಪ್ರಬಂಧಗಳನ್ನು ಬೇರೆಯವರು ಇದೇ ದತ್ತಾಂಶದಿಂದ ಮೊದಲೇ ಬರೆದುಬಿಟ್ಟಾರು ಎಂಬುದು ಒಂದು, ಭಾಗವಹಿಸಿದವರ ಆರೋಗ್ಯ ಮಾಹಿತಿ ಹೊರಬಿದ್ದೀತು ಎಂಬುದು ಇನ್ನೊಂದು. ಏನನ್ನು ಕೊಡಬೇಕು, ಏನನ್ನು ಕೊಡಬಾರದು, ಯಾವ ರೂಪದಲ್ಲಿ ಕೊಡಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಗ್ರಂಥಪಾಲಕಿ

ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಉಳಿದವುಗಳನ್ನು ಆ ಕೆಲಸ ಮಾಡುವವರೇ ಹೇಳುವುದು ಮೇಲು.

ಆಕರವನ್ನು ನಮೂದಿಸುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಮೊದಲನೆಯದು ವಿದ್ವತ್ತಿನ ಪ್ರಾಮಾಣಿಕತೆಗೆ ಸಂಬಂಧಿಸಿದ್ದು, ಎರಡನೆಯದು ಹಕ್ಕುಸ್ವಾಮ್ಯಕ್ಕೆ ಸಂಬಂಧಿಸಿದ್ದು. ಒಂದನ್ನು ಮಾಡಿದರೆ ಇನ್ನೊಂದು ತೀರಿದಂತೆ ಆಗುವುದಿಲ್ಲ. ಚಂದಾ ನಿಯತಕಾಲಿಕದ ಚಿತ್ರವನ್ನು ಇದ್ದ ಹಾಗೆಯೇ ಪ್ರಕಟಿಸಬೇಕಾದರೆ ಸಾಮಾನ್ಯವಾಗಿ ಪ್ರಕಾಶಕರ ಲಿಖಿತ ಅನುಮತಿ ಬೇಕು. ಇಲ್ಲಿ ಅನೇಕರು ಪ್ರಬಂಧದ ಲೇಖಕರಿಗೇ ಪತ್ರ ಬರೆದು, ಅವರು ಸಂತೋಷದಿಂದ ಒಪ್ಪಿದರೆಂದು ನಿಶ್ಚಿಂತರಾಗುತ್ತಾರೆ. ಆದರೆ ಪ್ರಕಟಣೆಯ ವೇಳೆ ಲೇಖಕರು ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ, ತಮ್ಮದೇ ಚಿತ್ರಕ್ಕೆ ಅನುಮತಿ ನೀಡುವ ಅಧಿಕಾರ ಅವರಲ್ಲಿ ಉಳಿದಿರುವುದಿಲ್ಲ. ದೊಡ್ಡ ಪ್ರಕಾಶಕರ ಪುಟಗಳಲ್ಲಿ ಪ್ರಬಂಧದ ಪಕ್ಕದಲ್ಲಿಯೇ ಅನುಮತಿ ಕೋರುವ ಕೊಂಡಿ ಇರುತ್ತದೆ, ಅದು ಬಹಳ ಸಲ ರೈಟ್ಸ್‌ಲಿಂಕ್ ವ್ಯವಸ್ಥೆಗೆ ಹೋಗುತ್ತದೆ. ವಿಜ್ಞಾನ ಪ್ರಕಾಶಕರ ಸಂಘವಾದ ಎಸ್‌ಟಿಎಂ ರೂಪಿಸಿರುವ ಮಾರ್ಗಸೂಚಿಗೆ ಸಹಿ ಹಾಕಿದ ಪ್ರಕಾಶಕರು ತಮ್ಮತಮ್ಮೊಳಗೆ ಒಂದು ಪ್ರಬಂಧದಿಂದ ಮೂರು ಚಿತ್ರಗಳವರೆಗೆ ಶುಲ್ಕವಿಲ್ಲದೆ ಬಳಸಲು ಬಿಡುತ್ತಾರೆ. ಆದ್ದರಿಂದ ಹಣ ಕಟ್ಟುವ ಮೊದಲು ನಿಮ್ಮ ಪ್ರಕಾಶಕರೂ ಆ ಪ್ರಕಾಶಕರೂ ಅದರಲ್ಲಿ ಸೇರಿದ್ದಾರೆಯೇ ಎಂದು ನೋಡಿಕೊಳ್ಳಿ.

ಸಿಸಿ ಪರವಾನಗಿಗಳ ವಿಷಯದಲ್ಲಿ ಅಕ್ಷರಗಳನ್ನು ಗಮನವಿಟ್ಟು ಓದಬೇಕು. ಬರಿಯ ಬಿವೈ ಇದ್ದರೆ ಕರ್ತೃವಿನ ಹೆಸರು, ಪರವಾನಗಿಯ ಹೆಸರು ಮತ್ತು ಕೊಂಡಿ, ನೀವು ಬದಲಾವಣೆ ಮಾಡಿದ್ದರೆ ಮಾಡಿದ್ದೇವೆಂಬ ಮಾತು, ಇಷ್ಟನ್ನು ಚಿತ್ರದ ಅಡಿಬರಹದಲ್ಲಿ ಕೊಟ್ಟರೆ ಬೇರೆ ಅನುಮತಿ ಬೇಡ. ಎನ್‌ಸಿ ಸೇರಿದರೆ ಮುಖ್ಯವಾಗಿ ವಾಣಿಜ್ಯ ಲಾಭಕ್ಕಾಗಿ ಉದ್ದೇಶಿಸಿದ ಬಳಕೆಗೆ ಅವಕಾಶವಿಲ್ಲ. ನೀವು ವಿದ್ಯಾರ್ಥಿಯೋ ವ್ಯಾಪಾರಿಯೋ ಎಂಬುದು ಅಲ್ಲಿ ಲೆಕ್ಕಕ್ಕೆ ಬಾರದು, ಬಳಕೆ ಎಂಥದ್ದು ಎಂಬುದೇ ಮುಖ್ಯ. ಆದ್ದರಿಂದ ನಿಮ್ಮ ವಿಮರ್ಶೆಯನ್ನು ಲಾಭಕ್ಕಾಗಿ ನಡೆಯುವ ಪ್ರಕಾಶನ ಸಂಸ್ಥೆ ಮಾರಾಟ ಮಾಡುವುದಾದರೆ ಹಕ್ಕುದಾರರನ್ನು ಒಮ್ಮೆ ಕೇಳಿಬಿಡುವುದೇ ಕ್ಷೇಮ. ಎನ್‌ಡಿ ಇದ್ದರೆ ಮಾರ್ಪಡಿಸಿದ ರೂಪವನ್ನು ಹಂಚುವಂತಿಲ್ಲ: ಎರಡು ಚಿತ್ರಗಳನ್ನು ಬೆಸೆದು ಹೊಸದೊಂದನ್ನು ಮಾಡಿ ಪ್ರಕಟಿಸುವುದು ಆ ಪರವಾನಗಿಯೊಳಗೆ ಬರುವುದಿಲ್ಲ. ಇನ್ನೊಂದು ಎಚ್ಚರಿಕೆ: ಪ್ರಬಂಧವೇನೋ ಮುಕ್ತವಾಗಿರಬಹುದು, ಆದರೆ ಅದರೊಳಗಿನ ಒಂದು ಚಿತ್ರವನ್ನು ಆ ಲೇಖಕರು ಬೇರೆಡೆಯಿಂದ ಅನುಮತಿ ಪಡೆದು ತಂದಿರಬಹುದು. ಅಡಿಬರಹದ ಕೊನೆಯ ಸಾಲಿನಲ್ಲಿ ಅದನ್ನು ಹೇಳಿರುತ್ತಾರೆ, ನಾವು ಅಲ್ಲಿಯವರೆಗೆ ಓದುವುದಿಲ್ಲ. ಅಂಥ ಚಿತ್ರಕ್ಕೆ ಪ್ರಬಂಧದ ಪರವಾನಗಿ ಅನ್ವಯಿಸುವುದಿಲ್ಲ.

ಮರುರಚನೆಯ ಬಗ್ಗೆ ನಿಮಗೆ ಹೇಳಿದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಳತೆಯಿಂದ ಬಂದ ಸಂಖ್ಯೆ ಒಂದು ಸಂಗತಿ, ಸಂಗತಿಗೆ ಹಕ್ಕುಸ್ವಾಮ್ಯವಿಲ್ಲ. ದೂರವಾಣಿ ಡೈರೆಕ್ಟರಿಯ ಮೊಕದ್ದಮೆಯೊಂದರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಇದನ್ನು ಖಚಿತವಾಗಿ ಹೇಳಿತು: ಎಷ್ಟು ಶ್ರಮಪಟ್ಟು ಕಲೆಹಾಕಿದ್ದರೂ ಬರಿಯ ಸಂಗತಿಗಳ ಪಟ್ಟಿಗೆ ಆ ಶ್ರಮದ ಕಾರಣದಿಂದಲೇ ಹಕ್ಕು ಹುಟ್ಟುವುದಿಲ್ಲ. ಯೂರೋಪಿನ ಒಕ್ಕೂಟ ಮಾತ್ರ 1996ರ ನಿರ್ದೇಶನದ ಮೂಲಕ ದತ್ತಾಂಶ ಸಂಗ್ರಹವನ್ನು ಕಟ್ಟಿದವರಿಗೆ 15 ವರ್ಷಗಳ ಪ್ರತ್ಯೇಕ ಹಕ್ಕನ್ನು ಕೊಟ್ಟಿದೆ. ಅದು ಸಂಗ್ರಹದ ಗಣನೀಯ ಭಾಗವನ್ನು ಎತ್ತಿಕೊಳ್ಳುವವರಿಗೆ ತಡೆಯೇ ಹೊರತು, ಒಂದು ಗ್ರಾಫ್‌ನ ಕೆಲವು ಸರಾಸರಿಗಳನ್ನು ಬಳಸುವವರಿಗೆ ಅಲ್ಲ. ಹೀಗಾಗಿ ಸಂಖ್ಯೆಗಳನ್ನು ತೆಗೆದುಕೊಂಡು ನಿಮ್ಮದೇ ಅಕ್ಷಗಳಲ್ಲಿ, ನಿಮ್ಮದೇ ವಿನ್ಯಾಸದಲ್ಲಿ ಗ್ರಾಫ್ ರಚಿಸಿದರೆ ಅದು ನಿಮ್ಮ ಚಿತ್ರವೇ. ಆದರೆ ಜೀವಕೋಶದೊಳಗಿನ ಪ್ರಕ್ರಿಯೆಯನ್ನು ತೋರಿಸುವ ರೇಖಾಚಿತ್ರದಂಥದ್ದನ್ನು ಬಣ್ಣ ಬದಲಿಸಿ, ಬಾಣಗಳನ್ನು ತುಸು ಸರಿಸಿ ಬರೆದುಕೊಂಡರೆ ಅದು ರೂಪಾಂತರವಾಗುತ್ತದೆ. ಅದಕ್ಕೆ ಅನುಮತಿ ಬೇಕು. ನನ್ನ ಸಲಹೆಯೆಂದರೆ, ನಿಮ್ಮ ಎರಡು ಚಿತ್ರಗಳೂ ಗ್ರಾಫ್‌ಗಳೇ ಆಗಿರುವುದರಿಂದ, ಸಂಖ್ಯೆಗಳು ಸಿಕ್ಕರೆ ಎರಡನ್ನೂ ಒಂದೇ ಮಾಪಕದಲ್ಲಿ ಮತ್ತೆ ರಚಿಸಿ, ಅಡಿಯಲ್ಲಿ ಇಂಥ ಪ್ರಬಂಧದ ಇಂಥ ಚಿತ್ರದ ದತ್ತಾಂಶವನ್ನು ಆಧರಿಸಿದೆ ಎಂದು ಬರೆಯಿರಿ. ಓದುಗರಿಗೂ ಹೋಲಿಸಲು ಅದೇ ಸುಲಭ.

ಉತ್ತರ 2: ಸಂಖ್ಯಾಶಾಸ್ತ್ರದ ಅಧ್ಯಾಪಕ

ಎರಡನೆಯ ಪ್ರಶ್ನೆಗೆ: ಒಪ್ಪಿತ ಕ್ರಮವೇ ಹೌದು. ವ್ಯವಸ್ಥಿತ ವಿಮರ್ಶೆಗಳಲ್ಲಿ ಇದನ್ನು ದಿನನಿತ್ಯ ಮಾಡುತ್ತಾರೆ. ಹಾಗೆ ಮಾಡಿದ್ದೇವೆಂದು ವಿಧಾನದ ಭಾಗದಲ್ಲಿ ಹೇಳಬೇಕು, ಯಾವ ಸಂಖ್ಯೆ ಚಿತ್ರದಿಂದ ಬಂದದ್ದು ಎಂಬುದನ್ನು ಕೋಷ್ಟಕದಲ್ಲಿ ಗುರುತಿಸಬೇಕು, ಅಷ್ಟೆ. ಲೇಖಕರಿಂದ ಉತ್ತರ ಬಾರದಿರುವುದಕ್ಕೆ ನೀವು ಬೇಸರಪಟ್ಟುಕೊಳ್ಳಬೇಕಾಗಿಲ್ಲ. ಕೋರಿದರೆ ದತ್ತಾಂಶ ಕೊಡುತ್ತೇವೆಂದು ಬರೆದಿದ್ದ 1,792 ಪ್ರಬಂಧಗಳ ಲೇಖಕರನ್ನು ನಿಜವಾಗಿಯೂ ಕೇಳಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು; ಶೇ 93ರಷ್ಟು ಮಂದಿ ಉತ್ತರಿಸಲೇ ಇಲ್ಲ, ಇಲ್ಲವೇ ನಿರಾಕರಿಸಿದರು.

ಕೆಲಸಕ್ಕೆ ವೆಬ್‌ಪ್ಲಾಟ್‌ಡಿಜಿಟೈಜರ್ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ಚಿತ್ರವನ್ನು ತೆರೆದು, ಅಕ್ಷದ ಮೇಲೆ ಬೆಲೆ ಗೊತ್ತಿರುವ ಎರಡು ಬಿಂದುಗಳನ್ನು ಗುರುತಿಸಿ, ಆಮೇಲೆ ಕಂಬದ ತುದಿಯ ಮೇಲೆ ಒತ್ತಿದರೆ ಆ ಎತ್ತರದ ಬೆಲೆ ಬರುತ್ತದೆ. ಅಕ್ಷ ಲಾಗ್ ಮಾಪಕದಲ್ಲಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಪರದೆಯ ಚಿತ್ರವನ್ನು ಸೆರೆಹಿಡಿದು ಅಳೆಯುವ ಬದಲು ಪ್ರಕಾಶಕರ ಪುಟದಲ್ಲಿ ಸಿಗುವ ಅತಿ ದೊಡ್ಡ ಗಾತ್ರದ ಚಿತ್ರವನ್ನು ಇಳಿಸಿಕೊಳ್ಳಿ. ನಿಖರತೆಯ ಅಂದಾಜು ಕಷ್ಟವೇನಲ್ಲ: ಹಿಮೋಗ್ಲೋಬಿನ್ ಅಕ್ಷ ಡೆಸಿಲೀಟರಿಗೆ 8ರಿಂದ 16 ಗ್ರಾಂವರೆಗೆ ಇದ್ದು, ಅದು ಪರದೆಯಲ್ಲಿ 400 ಪಿಕ್ಸೆಲ್ ಎತ್ತರವಿದ್ದರೆ ಒಂದು ಪಿಕ್ಸೆಲ್ ಎಂದರೆ 0.02 ಗ್ರಾಂ. ಎರಡು ಮೂರು ಪಿಕ್ಸೆಲ್ ಆಚೀಚೆ ಆದರೂ ಅಧ್ಯಯನದ ಸಹಜ ಅನಿಶ್ಚಿತತೆಯ ಮುಂದೆ ಅದು ಏನೂ ಅಲ್ಲ. ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಬೇರೆಬೇರೆಯಾಗಿ ಅಳೆದು ಕೊನೆಯಲ್ಲಿ ಹೋಲಿಸಿ ನೋಡಿದರೆ, ತಪ್ಪು ಕಂಬವನ್ನು ಒತ್ತಿದಂಥ ದೊಡ್ಡ ಎಡವಟ್ಟುಗಳೂ ಸಿಕ್ಕಿಬೀಳುತ್ತವೆ.

ನಿಜವಾದ ಅಪಾಯವಿರುವುದು ಕಂಬದ ತಲೆಯ ಮೇಲಿನ ಎರರ್ ಬಾರ್ ಎಂಬ ಸಣ್ಣ ಗೆರೆಯಲ್ಲಿ. ಅದು ಪ್ರಮಾಣಿತ ವಿಚಲನೆಯೋ (ಅಳತೆಗಳ ಚದುರುವಿಕೆ), ಸರಾಸರಿಯ ಪ್ರಮಾಣಿತ ದೋಷವೋ (ಸರಾಸರಿಯ ಅಂದಾಜಿನಲ್ಲಿರುವ ಅನಿಶ್ಚಿತತೆ), ಶೇ 95ರ ವಿಶ್ವಾಸಾಂತರವೋ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಎಂಬುದು ನೋಡಿದರೆ ಗೊತ್ತಾಗುವುದಿಲ್ಲ. 25 ಜನರ ಗುಂಪಿನಲ್ಲಿ ಪ್ರಮಾಣಿತ ವಿಚಲನೆ 1.5 ಗ್ರಾಂ ಇದೆಯೆನ್ನಿ. ಪ್ರಮಾಣಿತ ದೋಷವೆಂದರೆ ಅದನ್ನು 25ರ ವರ್ಗಮೂಲದಿಂದ ಭಾಗಿಸಿದ್ದು, ಅಂದರೆ 0.3, ವಿಶ್ವಾಸಾಂತರವಾದರೆ ಸರಾಸರಿಯ ಎರಡೂ ಕಡೆಗೆ ಸುಮಾರು 0.62. ಒಂದೇ ದತ್ತಾಂಶಕ್ಕೆ ಮೂರು ಉದ್ದದ ಗೆರೆಗಳು. ಈಗ ಒಂದು ಪ್ರಬಂಧದ 0.3 ಅನ್ನು ನೀವು ವಿಚಲನೆಯೆಂದು ತಪ್ಪಾಗಿ ದಾಖಲಿಸಿಕೊಂಡರೆ, ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವ ಮೆಟಾ-ವಿಶ್ಲೇಷಣೆಯಲ್ಲಿ ಪ್ರತಿ ಅಧ್ಯಯನಕ್ಕೆ ಸಿಗುವ ತೂಕವು ವ್ಯತ್ಯಯದ (ಪ್ರಮಾಣಿತ ದೋಷದ ವರ್ಗದ) ವಿಲೋಮವಾಗಿರುವುದರಿಂದ, ಆ ಗುಂಪಿನ ಸರಾಸರಿಗೆ ಸಲ್ಲಬೇಕಾದುದರ 25 ಪಟ್ಟು ತೂಕ ಸಿಕ್ಕಿಬಿಡುತ್ತದೆ. ಉಳಿದ ಅಧ್ಯಯನಗಳನ್ನೆಲ್ಲ ಅದೊಂದೇ ನುಂಗಿಹಾಕುತ್ತದೆ. ಅಡಿಬರಹದಲ್ಲಿ ಹೇಳಿಲ್ಲದಿದ್ದರೆ ವಿಧಾನದ ಭಾಗದಲ್ಲಿ ಹುಡುಕಿ. ಅಲ್ಲಿಯೂ ಇಲ್ಲದಿದ್ದರೆ ಪಠ್ಯದಲ್ಲಿ ಕೊಟ್ಟಿರುವ ಪಿ ಬೆಲೆಯಿಂದ (ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) ಹಿಂದಕ್ಕೆ ಲೆಕ್ಕ ಹಾಕಿ ಯಾವುದು ಹೊಂದುತ್ತದೆಂದು ನೋಡಬಹುದು. ವಯಸ್ಕರ ಹಿಮೋಗ್ಲೋಬಿನ್‌ಗೆ 0.3 ಗ್ರಾಂ ವಿಚಲನೆ ಎಂದರೆ ನಂಬಲಾಗದಷ್ಟು ಕಡಿಮೆ ಎಂಬ ಸಾಮಾನ್ಯ ಜ್ಞಾನವೂ ಇಲ್ಲಿ ನೆರವಿಗೆ ಬರುತ್ತದೆ.

ಚಿತ್ರದಿಂದ ಎಂದೂ ಹೊರತೆಗೆಯಲಾಗದ ಸಂಗತಿಗಳೂ ಇವೆ. ಒಂದೇ ವ್ಯಕ್ತಿಯ ಪೂರಕಕ್ಕೆ ಮುಂಚಿನ ಮತ್ತು ನಂತರದ ಅಳತೆಗಳ ನಡುವಣ ಸಹಸಂಬಂಧ (ಅವೆರಡೂ ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದು) ಅಂಥದ್ದು: ಎರಡು ಕಂಬಗಳನ್ನು ಎಷ್ಟು ನಿಖರವಾಗಿ ಅಳೆದರೂ ಬದಲಾವಣೆಯ ವಿಚಲನೆ ಸಿಗುವುದಿಲ್ಲ, ಅದನ್ನು ಊಹಿಸಿಕೊಳ್ಳಬೇಕಾಗುತ್ತದೆ. ಹಂಚಿಕೆಯ ಆಕಾರವೂ ಹಾಗೆಯೇ. ಸಂಖ್ಯಾಶಾಸ್ತ್ರಜ್ಞ ಆನ್‌ಸ್ಕೂಂಬ್ 1973ರಲ್ಲಿ ಕೊಟ್ಟ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಸಮೂಹಗಳನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತೇನೆ. ನಾಲ್ಕಕ್ಕೂ ಸರಾಸರಿ ಒಂದೇ, ಸಹಸಂಬಂಧ ಸುಮಾರು 0.816 ಒಂದೇ, ಹೊಂದಿಸಿದ ಸರಳರೇಖೆಯೂ ಒಂದೇ, ಆದರೆ ಬಿಂದುಗಳನ್ನು ಇಟ್ಟು ನೋಡಿದರೆ ಒಂದು ವಕ್ರರೇಖೆ, ಇನ್ನೊಂದರಲ್ಲಿ ಇಡೀ ಸಂಬಂಧವೇ ಒಂದು ದೂರದ ಬಿಂದುವಿನ ಮೇಲೆ ನಿಂತಿದೆ. ನಿಮ್ಮ ಪ್ರಬಂಧದಲ್ಲಿ ಗುಂಪುಗಳು ಚಿಕ್ಕವಾಗಿದ್ದರೆ ದಯವಿಟ್ಟು ಕಂಬಗಳನ್ನು ಬಿಟ್ಟು ಪ್ರತಿಯೊಬ್ಬರ ಬಿಂದುವನ್ನೂ ತೋರಿಸಿ.

ಉತ್ತರ 3: ದತ್ತಾಂಶ ನಿರ್ವಾಹಕ

ಮೇಲಿನವರ ಉತ್ತರ ಓದಿದ ಮೇಲೆ ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ: ಅವರು ಪಿಕ್ಸೆಲ್ ಎಣಿಸಿ ಪಡೆಯಬೇಕಾದುದನ್ನೆಲ್ಲ ಒಂದು ಪುಟ್ಟ ಕಡತ ಸುಮ್ಮನೆ ಕೊಟ್ಟುಬಿಡುತ್ತದೆ.

ಕೇಳಿದಾಗ ಕೊಟ್ಟರಾಯಿತು ಎಂಬ ಧೋರಣೆಯಲ್ಲಿ ಕೆಟ್ಟ ಉದ್ದೇಶವಿರಬೇಕೆಂದೇನೂ ಇಲ್ಲ, ಕಾಲವೇ ಸಾಕು. 2ರಿಂದ 22 ವರ್ಷ ಹಳೆಯದಾದ 516 ಪ್ರಬಂಧಗಳ ದತ್ತಾಂಶವನ್ನು ಹುಡುಕಿಕೊಂಡು ಹೋದ ಜೀವವಿಜ್ಞಾನಿಗಳ ತಂಡವೊಂದು 2014ರಲ್ಲಿ ವರದಿ ಮಾಡಿದಂತೆ, ದತ್ತಾಂಶ ಇನ್ನೂ ಉಳಿದಿರುವ ಸಾಧ್ಯತೆಯ ಅನುಪಾತ ಪ್ರತಿ ವರ್ಷ ಶೇ 17ರಷ್ಟು ಕುಸಿಯುತ್ತ ಹೋಗುತ್ತದೆ. ಇಮೇಲ್ ವಿಳಾಸ ಸತ್ತಿರುತ್ತದೆ, ಕಡತ ಇದ್ದ ಡಿಸ್ಕನ್ನು ಓದುವ ಯಂತ್ರ ಇರುವುದಿಲ್ಲ. ಆದ್ದರಿಂದ ಪ್ರಬಂಧ ಪ್ರಕಟವಾಗುವ ದಿನವೇ ದತ್ತಾಂಶ ಒಂದು ಭಂಡಾರದಲ್ಲಿ ಕುಳಿತಿರಬೇಕು. ನಿಮ್ಮ ಕ್ಷೇತ್ರಕ್ಕೇ ಮೀಸಲಾದ ಭಂಡಾರವಿದ್ದರೆ ಅದು ಉತ್ತಮ. ಇಲ್ಲದಿದ್ದರೆ ಯೂರೋಪಿನ ಭೌತವಿಜ್ಞಾನ ಸಂಸ್ಥೆಯಾದ ಸರ್ನ್ ನಡೆಸುವ ಝೆನೊಡೊ, ಅಥವಾ ಫಿಗ್‌ಶೇರ್, ಡ್ರಯಾಡ್ ಇವೆ. ಇವು ಪ್ರತಿ ಸಂಗ್ರಹಕ್ಕೂ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆಯನ್ನು ಕೊಡುತ್ತವೆ, ಅದರಿಂದ ದತ್ತಾಂಶವನ್ನೇ ಪ್ರತ್ಯೇಕವಾಗಿ ಉಲ್ಲೇಖಿಸಲು ಬರುತ್ತದೆ. ಸ್ವಂತ ಜಾಲತಾಣದ ಕೊಂಡಿಯಾಗಲಿ, ಕೋಷ್ಟಕವನ್ನು ಪಿಡಿಎಫ್ ಮಾಡಿ ಪೂರಕ ಸಾಮಗ್ರಿಯೊಳಗೆ ಇಡುವುದಾಗಲಿ ಇದಕ್ಕೆ ಸಾಟಿಯಲ್ಲ.

ರೂಪದ ಬಗ್ಗೆ: ಒಂದು ಚಿತ್ರಕ್ಕೆ ಒಂದು ಕಡತ, ಚಿತ್ರದ ಸಂಖ್ಯೆಯೇ ಕಡತದ ಹೆಸರು. ಸಿಎಸ್‌ವಿ (ಬೆಲೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ರೂಪದಲ್ಲಿರಲಿ; ಮೊದಲ ಸಾಲಿನಲ್ಲಿ ಕಾಲಂಗಳ ಹೆಸರು, ಆಮೇಲೆ ಒಂದು ಸಾಲಿಗೆ ಒಂದು ಅಳತೆ. ಏಕಮಾನವನ್ನು ಕಾಲಂನ ಹೆಸರಿನಲ್ಲೇ ಸೇರಿಸಿ, ಏಕೆಂದರೆ ಹಿಮೋಗ್ಲೋಬಿನ್ ಅನ್ನು ಡೆಸಿಲೀಟರಿಗೆ 12 ಎಂದು ಬರೆಯುವವರೂ ಇದ್ದಾರೆ, ಲೀಟರಿಗೆ 120 ಎಂದು ಬರೆಯುವವರೂ ಇದ್ದಾರೆ. ಅಳತೆ ತಪ್ಪಿಹೋದ ಕಡೆ ಸೊನ್ನೆಯನ್ನೋ 999 ಅನ್ನೋ ಹಾಕಬೇಡಿ, ಯಾರಾದರೂ ಅದನ್ನು ಸರಾಸರಿಗೆ ಸೇರಿಸಿಯೇ ಸೇರಿಸುತ್ತಾರೆ. ಖಾಲಿ ಬಿಟ್ಟು, ಹಾಗೆ ಬಿಟ್ಟಿದ್ದೇಕೆಂದು ವಿವರಣೆಯ ಕಡತದಲ್ಲಿ ಬರೆಯಿರಿ. ಅನುಮಾನದ ಅಳತೆಗಳಿಗೆ ಹಳದಿ ಬಣ್ಣ ಹಚ್ಚುವ ಅಭ್ಯಾಸ ಎಲ್ಲ ಪ್ರಯೋಗಾಲಯಗಳಲ್ಲಿಯೂ ಇದೆ, ಸಿಎಸ್‌ವಿ ಮಾಡಿದೊಡನೆ ಆ ಬಣ್ಣ ಮಾಯವಾಗುತ್ತದೆ. ಬಣ್ಣದ ಬದಲು ಇನ್ನೊಂದು ಕಾಲಂ ಇರಲಿ. ಕೊನೆಯದಾಗಿ, ಎಕ್ಸೆಲ್‌ನಲ್ಲಿ ತೆರೆದು ಉಳಿಸುವಾಗ ಕಣ್ಣಿಟ್ಟಿರಿ. ಸೆಪ್ಟ್2, ಮಾರ್ಚ್1 ಎಂಬ ವಂಶವಾಹಿಗಳ ಹೆಸರುಗಳನ್ನು ಅದು ತಾರೀಖುಗಳೆಂದು ತಿದ್ದಿಬಿಡುತ್ತಿತ್ತು. ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ದೋಷವಿದೆಯೆಂದು 2016ರಲ್ಲಿ ಕಂಡುಬಂದು, ಕಡೆಗೆ 2020ರ ಹೊತ್ತಿಗೆ ನಾಮಕರಣ ಸಮಿತಿಯವರು ವಂಶವಾಹಿಗಳ ಹೆಸರನ್ನೇ ಬದಲಾಯಿಸಿದರು. ಆಗ ತಂತ್ರಾಂಶ ಬದಲಾಗಲಿಲ್ಲ, ವಂಶವಾಹಿಗಳ ಹೆಸರು ಬದಲಾದವು!

ಲೆಕ್ಕ ಮಾಡಿದ ಸ್ಕ್ರಿಪ್ಟ್ ಅಥವಾ ಸೂತ್ರಗಳಿರುವ ಹಾಳೆಯನ್ನೂ ಕೊಡಿ. ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ, ಸರ್ಕಾರದ ಸಾಲ ಒಟ್ಟು ಉತ್ಪನ್ನದ ಶೇ 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ ಶೇ 0.1 ಎಂದು ತೋರಿಸಿದ್ದರು. ಅವರ ಎಕ್ಸೆಲ್ ಹಾಳೆ ಒಬ್ಬ ವಿದ್ಯಾರ್ಥಿಯ ಕೈಸೇರಿದ ಮೇಲೆ, ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟಿರುವುದು ಕಂಡಿತು. ಅದರೊಂದಿಗೆ ಕೈಬಿಟ್ಟ ಕೆಲವು ವರ್ಷಗಳನ್ನು ಸೇರಿಸಿ ತೂಕ ಕೊಡುವ ಕ್ರಮವನ್ನೂ ಬದಲಿಸಿದಾಗ ಆ ಸರಾಸರಿ ಶೇ 2.2 ಎಂದಾಯಿತು ಎಂದು 2013ರಲ್ಲಿ ಪ್ರಕಟವಾಯಿತು. ಪ್ರಬಂಧದ ಗ್ರಾಫ್ ಅನ್ನು ಎಷ್ಟು ದಿಟ್ಟಿಸಿ ನೋಡಿದ್ದರೂ ಇದು ತಿಳಿಯುತ್ತಿರಲಿಲ್ಲ.

ಬೇರೆಯವರು ಮುಂಚೆ ಬರೆದುಬಿಟ್ಟಾರೆಂಬ ಅಳುಕಿಗೆ ಪರಿಹಾರ ಸರಳವಾಗಿದೆ. ಈ ಪ್ರಬಂಧದ ಚಿತ್ರಗಳಿಗೆ ಬೇಕಾದಷ್ಟನ್ನು ಮಾತ್ರ ಈಗ ಬಿಡುಗಡೆ ಮಾಡಿ. ಉಳಿದ ಅಳತೆಗಳನ್ನು ಅದೇ ಭಂಡಾರದಲ್ಲಿ ನಿಗದಿತ ದಿನಾಂಕದವರೆಗೆ ಮುಚ್ಚಿಡಲು ಅವಕಾಶವಿದೆ. ಮಾರ್ಗದರ್ಶಕರಿಗೆ, ಪ್ರೋಟೀನ್ ಅಣುಗಳ ರಚನೆಗಳನ್ನು ಸಂಗ್ರಹಿಸುವ ಪ್ರೋಟೀನ್ ಡೇಟಾ ಬ್ಯಾಂಕಿನ ಉದಾಹರಣೆಯನ್ನೂ ಹೇಳಿನೋಡಿ. 1971ರಲ್ಲಿ ಏಳೇ ರಚನೆಗಳಿಂದ ಆರಂಭವಾದ ಆ ಮುಕ್ತ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ, 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕಕ್ಕೆ ಕಾರಣವಾದ, ಪ್ರೋಟೀನ್ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶ ಕಲಿತದ್ದು ಅವುಗಳಿಂದಲೇ.

ಉತ್ತರ 4: ವೈದ್ಯಕೀಯ ಸಂಶೋಧಕಿ

ಹಿಂದಿನ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಒಂದು ಸಾಲಿಗೆ ಒಂದು ಅಳತೆ ಎಂಬ ಸಲಹೆಯನ್ನು ಮನುಷ್ಯರ ಆರೋಗ್ಯ ಮಾಹಿತಿಗೆ ಹಾಗೆಯೇ ಅನ್ವಯಿಸಿದರೆ ಅನಾಹುತವಾದೀತು.

ಹೆಸರನ್ನು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಐದಂಕಿಯ ಅಂಚೆ ಸಂಕೇತ, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ಸೇರಿದರೆ ಅಮೆರಿಕದ ಜನಸಂಖ್ಯೆಯ ಶೇ 87ರಷ್ಟು ಮಂದಿಯನ್ನು ಒಬ್ಬೊಬ್ಬರಾಗಿ ಬೇರ್ಪಡಿಸಬಹುದೆಂದು ಸಂಶೋಧಕಿ ಲಟಾನ್ಯ ಸ್ವೀನಿ ಅವರು 1990ರ ಜನಗಣತಿಯನ್ನು ಆಧರಿಸಿ ಅಂದಾಜು ಮಾಡಿದ್ದಾರೆ. ಸಣ್ಣ ಅಧ್ಯಯನಗಳಲ್ಲಿ ಅಷ್ಟು ಕೂಡ ಬೇಕಾಗುವುದಿಲ್ಲ; ಯಾವ ಆಸ್ಪತ್ರೆ, ಯಾವ ವರ್ಷ ಎಂಬುದು ಪ್ರಬಂಧದಲ್ಲೇ ಇರುವುದರಿಂದ, ಗುಂಪಿನಲ್ಲಿ 88 ವರ್ಷದವರು ಒಬ್ಬರೇ ಇದ್ದರೆ ಅವರನ್ನು ಬಲ್ಲವರಿಗೆ ಅಷ್ಟೇ ಸಾಕು.

ನಾವು ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ, ಕಡತವನ್ನು ಬಚ್ಚಿಟ್ಟು ಚಿತ್ರವನ್ನು ಪ್ರಕಟಿಸಿದರೂ ಮಾಹಿತಿ ಹೊರಗೆ ಹೋಗಿಯೇ ಇರುತ್ತದೆ. ಅಡ್ಡ ಅಕ್ಷದಲ್ಲಿ ವಯಸ್ಸು, ನೇರ ಅಕ್ಷದಲ್ಲಿ ಹಿಮೋಗ್ಲೋಬಿನ್ ಇಟ್ಟು ಪ್ರತಿಯೊಬ್ಬರಿಗೂ ಒಂದು ಬಿಂದು ಹಾಕಿದ ಗ್ರಾಫ್‌ನಿಂದ, ಸಂಖ್ಯಾಶಾಸ್ತ್ರದ ಅಧ್ಯಾಪಕರು ಮೇಲೆ ಹೇಳಿದ ಅದೇ ತಂತ್ರಾಂಶದ ನೆರವಿನಿಂದ ಯಾರು ಬೇಕಾದರೂ ಇಡೀ ಪಟ್ಟಿಯನ್ನು ಮರಳಿ ಪಡೆಯಬಹುದು. ಚಿತ್ರವನ್ನು ವೆಕ್ಟರ್ ಪಿಡಿಎಫ್ (ಪಿಕ್ಸೆಲ್‌ಗಳ ಬದಲು ಆಕೃತಿಗಳ ಸ್ಥಾನಗಳನ್ನೇ ದಾಖಲಿಸುವ ರೂಪ) ಆಗಿ ಕೊಟ್ಟಿದ್ದರೆ ಅಳೆಯಬೇಕಾದುದೂ ಇಲ್ಲ. ಪ್ರತಿ ಬಿಂದುವಿನ ನಿರ್ದೇಶಾಂಕ ಕಡತದೊಳಗೇ ಕುಳಿತಿರುತ್ತದೆ, ಕಣ್ಣಿಗೆ ಒಂದರ ಮೇಲೊಂದು ಬಿದ್ದಂತೆ ಕಾಣುವ ಬಿಂದುಗಳದ್ದೂ ಸೇರಿ. ಇನ್ನು ಎಕ್ಸೆಲ್‌ನಿಂದ ಗ್ರಾಫ್ ನಕಲಿಸಿ ಪವರ್‌ಪಾಯಿಂಟ್‌ನಲ್ಲಿ ಅಂಟಿಸುವವರು, ವರ್ಕ್‌ಬುಕ್ ಸೇರಿಸುವ ಆಯ್ಕೆಯನ್ನು ಒತ್ತಿದ್ದರೆ, ಗ್ರಾಫ್‌ನ ಜೊತೆಗೆ ಇಡೀ ವರ್ಕ್‌ಬುಕ್ ಅನ್ನೇ ಸ್ಲೈಡಿನೊಳಗೆ ತುಂಬಿ ಕಳುಹಿಸುತ್ತಿರುತ್ತಾರೆ: ಗ್ರಾಫ್‌ನಲ್ಲಿ ಬಳಸದ ಹಾಳೆಗಳು, ಮರೆಮಾಡಿದ ಕಾಲಂಗಳು, ಅವುಗಳಲ್ಲಿ ರೋಗಿಗಳ ಹೆಸರಿದ್ದರೆ ಅದೂ. ಸಮ್ಮೇಳನ ಮುಗಿದ ಮೇಲೆ ಸ್ಲೈಡುಗಳನ್ನು ಎಲ್ಲರಿಗೂ ಕಳುಹಿಸುವ ಮುನ್ನ ಗ್ರಾಫ್‌ಗಳನ್ನು ಬರಿಯ ಚಿತ್ರವಾಗಿ ಅಂಟಿಸಬೇಕು. ಛಾಯಾಚಿತ್ರಗಳಿದ್ದರೆ ಕಣ್ಣಿಗೆ ಕಪ್ಪು ಪಟ್ಟಿ ಹಾಕುವುದು ಗುರುತು ಮರೆಸಲು ಸಾಲದೆಂದು ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಸ್ಪಷ್ಟವಾಗಿಯೇ ಹೇಳಿದೆ. ಲಿಖಿತ ಸಮ್ಮತಿ ಬೇಕು.

ಹಾಗಾಗಿ ಮೊದಲು ಸಮ್ಮತಿ ಪತ್ರವನ್ನು ತೆಗೆದು ಓದಿ. ಮಾಹಿತಿಯನ್ನು ಈ ತಂಡದ ಹೊರಗೆ ಯಾರಿಗೂ ಕೊಡುವುದಿಲ್ಲ ಎಂದು ಅದರಲ್ಲಿ ಬರೆದಿದ್ದರೆ, ನಿಯತಕಾಲಿಕದ ಒತ್ತಾಯ ಎಷ್ಟೇ ಇದ್ದರೂ ವೈಯಕ್ತಿಕ ಮಟ್ಟದ ದತ್ತಾಂಶವನ್ನು ಬಹಿರಂಗಪಡಿಸುವಂತಿಲ್ಲ. ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ನೀತಿ ಸಮಿತಿಯನ್ನು ಕೇಳಿಯೇ ಮುಂದುವರಿಯಬೇಕು.

ಮರುಪ್ರಶ್ನೆ: ಸಂಶೋಧನಾರ್ಥಿ

ಎಲ್ಲರಿಗೂ ಧನ್ಯವಾದಗಳು. ಸಮ್ಮತಿ ಪತ್ರವನ್ನು ನೋಡಿದೆ; ಗುರುತು ತೆಗೆದ ಮಾಹಿತಿಯನ್ನು ಇತರ ಸಂಶೋಧಕರೊಂದಿಗೆ ಹಂಚಿಕೊಳ್ಳಬಹುದು ಎಂಬ ವಾಕ್ಯ ಅದರಲ್ಲಿದೆ. ನೀತಿ ಸಮಿತಿಗೂ ಪತ್ರ ಬರೆಯುತ್ತಿದ್ದೇವೆ. ಈಗ ಉಳಿದಿರುವುದು ಒಂದೇ ಸಮಸ್ಯೆ: ನಮ್ಮ ಮೂರನೆಯ ಚಿತ್ರ, ಮೇಡಂ ಅವರು ವಿವರಿಸಿದಂಥದ್ದೇ, ವಯಸ್ಸಿನ ಎದುರು ಹಿಮೋಗ್ಲೋಬಿನ್ ಬದಲಾವಣೆಯನ್ನು ತೋರಿಸುವ ಬಿಂದುಗಳ ಗ್ರಾಫ್. ಬಿಂದುಗಳನ್ನು ತೋರಿಸಿ ಎಂದು ಒಬ್ಬರು, ತೋರಿಸಿದರೆ ಗುರುತು ಹೊರಬೀಳುತ್ತದೆ ಎಂದು ಇನ್ನೊಬ್ಬರು ಹೇಳಿದ್ದೀರಿ. ಯಾವುದನ್ನು ಪಾಲಿಸಲಿ?

ಉತ್ತರ 5: ಸಂಖ್ಯಾಶಾಸ್ತ್ರದ ಅಧ್ಯಾಪಕ

ಎರಡನ್ನೂ ಪಾಲಿಸಬಹುದು. ಗುರುತು ಕೊಡುತ್ತಿರುವುದು ಹಿಮೋಗ್ಲೋಬಿನ್ ಅಲ್ಲ, ನಿಖರವಾದ ವಯಸ್ಸು. ವಯಸ್ಸನ್ನು ಐದು ಅಥವಾ ಹತ್ತು ವರ್ಷಗಳ ಗುಂಪುಗಳನ್ನಾಗಿ ಮಾಡಿ, ಪ್ರತಿ ಗುಂಪಿನೊಳಗೆ ಬಿಂದುಗಳನ್ನು ಅಕ್ಕಪಕ್ಕ ಚದುರಿಸಿ ತೋರಿಸಿ. ಹಂಚಿಕೆಯ ಆಕಾರವೂ ಕಾಣುತ್ತದೆ, ಯಾರ ವಯಸ್ಸೂ ಖಚಿತವಾಗಿ ತಿಳಿಯುವುದಿಲ್ಲ. ತುದಿಯ ಗುಂಪಿನಲ್ಲಿ ಒಬ್ಬಿಬ್ಬರೇ ಉಳಿದರೆ ಅದನ್ನು ಕೆಳಗಿನ ಗುಂಪಿಗೆ ಸೇರಿಸಿ. ಆರೋಗ್ಯ ಮಾಹಿತಿಯ ಗೋಪ್ಯತೆಯನ್ನು ಕಾಯುವ ಅಮೆರಿಕದ ಹಿಪಾ ನಿಯಮದಲ್ಲಿ ಗುರುತು ತೆಗೆಯಲು ಹೇಳಿರುವ ಒಂದು ವಿಧಾನದಂತೆ 89 ದಾಟಿದ ವಯಸ್ಸುಗಳನ್ನೆಲ್ಲ 90 ಮತ್ತು ಮೇಲ್ಪಟ್ಟು ಎಂದು ಒಂದೇ ಗುಂಪಾಗಿಸಬೇಕು, ಆದರೆ ಸಣ್ಣ ಅಧ್ಯಯನಕ್ಕೆ ಅದಕ್ಕಿಂತ ಬಹಳ ಕೆಳಗೇ ನಿಲ್ಲಿಸಬೇಕಾದೀತು. ವಿಶ್ಲೇಷಣೆಯನ್ನು ಮಾತ್ರ ನಿಖರ ವಯಸ್ಸಿನಿಂದಲೇ ಮಾಡಿ, ಗುಂಪು ಮಾಡಿದ ವಯಸ್ಸಿನಿಂದ ಲೆಕ್ಕ ಹಾಕುವವರಿಗೆ ಇಳಿಜಾರು ತುಸು ಬೇರೆಯಾಗಿ ಬಂದೀತೆಂದು ವಿವರಣೆಯಲ್ಲಿ ತಿಳಿಸಿ. ಮುಖ್ಯವಾಗಿ, ಕಡತದಲ್ಲಿ ಗುಂಪು ಮಾಡಿ ಚಿತ್ರದಲ್ಲಿ ನಿಖರ ವಯಸ್ಸನ್ನೇ ಬಿಡಬೇಡಿ.

ಉತ್ತರ 6: ದತ್ತಾಂಶ ನಿರ್ವಾಹಕ

ವೈದ್ಯಕೀಯ ಸಂಶೋಧಕಿಯವರ ಆಕ್ಷೇಪ ನ್ಯಾಯವಾದದ್ದು; ಅದಕ್ಕೆ ತಕ್ಕಂತೆ ಎರಡು ಸಂಗ್ರಹಗಳನ್ನು ಮಾಡುವುದು ಒಳಿತು. ಚಿತ್ರಗಳ ಹಿಂದಿನ ಗುಂಪು ಮಾಡಿದ ಕಡತಗಳು ಮುಕ್ತ ಸಂಗ್ರಹದಲ್ಲಿರಲಿ. ನಿಖರ ವಯಸ್ಸಿರುವ ಮೂಲ ಕಡತ ನಿಯಂತ್ರಿತ ಪ್ರವೇಶದ ಸಂಗ್ರಹದಲ್ಲಿರಲಿ: ಅದರ ವಿವರಣೆ ಎಲ್ಲರಿಗೂ ಕಾಣುತ್ತದೆ, ಕಡತ ಮಾತ್ರ ಒಪ್ಪಂದಕ್ಕೆ ಸಹಿ ಹಾಕಿದ ಸಂಶೋಧಕರಿಗೆ ಸಿಗುತ್ತದೆ. ಕೋರಿಕೆಯನ್ನು ಪರಿಶೀಲಿಸುವವರು ನಿಮ್ಮ ಸಂಸ್ಥೆಯ ಸಮಿತಿಯಾಗಿರಲಿ, ನೀವು ವೈಯಕ್ತಿಕವಾಗಿ ಬೇಡ. ನೀವು ಕೆಲಸ ಬದಲಿಸಿದ ದಿನ ಆ ಇಮೇಲ್ ವಿಳಾಸವೂ ಹೋಗುತ್ತದೆ. ಮುಕ್ತ ಸಂಗ್ರಹಕ್ಕೆ ಸಿಸಿ0 (ಯಾವ ಷರತ್ತೂ ಇಲ್ಲದೆ ಹಕ್ಕನ್ನು ಬಿಟ್ಟುಕೊಡುವುದು) ಅಥವಾ ಸಿಸಿ ಬಿವೈ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ನೂರಾರು ಸಂಗ್ರಹಗಳನ್ನು ಬೆಸೆಯುವವರಿಗೆ ಪ್ರತಿಯೊಂದರ ಪರವಾನಗಿಯ ಷರತ್ತನ್ನೂ ಹೊತ್ತು ಸಾಗುವುದು ಭಾರವಾಗುವುದರಿಂದ ನಾನು ಸಿಸಿ0 ಕಡೆಗೆ ವಾಲುತ್ತೇನೆ. ಉಲ್ಲೇಖಿಸುವ ಸೌಜನ್ಯ ಪರವಾನಗಿ ಇಲ್ಲದೆಯೂ ವಿದ್ವಾಂಸರ ನಡುವೆ ಇದ್ದೇ ಇದೆ.

ಪ್ರಬಂಧದ ದತ್ತಾಂಶ ಹೇಳಿಕೆಗೆ ಒಂದು ಮಾದರಿ ಕೊಡುತ್ತೇನೆ, ಬೇಕಾದಂತೆ ಬದಲಿಸಿಕೊಳ್ಳಿ: ‘ಚಿತ್ರ 1ರಿಂದ 4ರವರೆಗಿನ ದತ್ತಾಂಶ ಮತ್ತು ವಿಶ್ಲೇಷಣೆಯ ಸ್ಕ್ರಿಪ್ಟ್ ಈ ಡಿಒಐಯಲ್ಲಿ ಸಿಸಿ0 ಅಡಿಯಲ್ಲಿ ಮುಕ್ತವಾಗಿ ಲಭ್ಯವಿವೆ. ಭಾಗವಹಿಸಿದವರ ಗುರುತನ್ನು ಕಾಪಾಡಲು ಚಿತ್ರ 3ರಲ್ಲಿಯೂ ಅದರ ಕಡತದಲ್ಲಿಯೂ ವಯಸ್ಸನ್ನು ಹತ್ತು ವರ್ಷಗಳ ಗುಂಪುಗಳಾಗಿ ಕೊಡಲಾಗಿದೆ. ನಿಖರ ವಯಸ್ಸನ್ನು ಒಳಗೊಂಡ ಕಡತವನ್ನು ಸಂಸ್ಥೆಯ ದತ್ತಾಂಶ ಸಮಿತಿಯ ಒಪ್ಪಿಗೆಯ ಮೇರೆಗೆ, ಮರುಗುರುತಿಸುವ ಪ್ರಯತ್ನ ಮಾಡುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದ ಸಂಶೋಧಕರಿಗೆ ನೀಡಲಾಗುತ್ತದೆ. ಎಲ್ಲ ಚಿತ್ರಗಳಲ್ಲಿನ ಎರರ್ ಬಾರ್‌ಗಳು ಪ್ರಮಾಣಿತ ವಿಚಲನೆಯನ್ನು ಸೂಚಿಸುತ್ತವೆ.’ ಕೊನೆಯ ವಾಕ್ಯವನ್ನು ಪ್ರತಿ ಚಿತ್ರದ ಅಡಿಬರಹದಲ್ಲಿಯೂ ಇನ್ನೊಮ್ಮೆ ಬರೆಯಿರಿ, ಏಕೆಂದರೆ ಚಿತ್ರವನ್ನು ಮಾತ್ರ ಇಳಿಸಿಕೊಳ್ಳುವವರು ಈ ಹೇಳಿಕೆಯವರೆಗೆ ಬರುವುದಿಲ್ಲ.